ಹಾಲೆಂಡಿನಲ್ಲಿ ನಾನು ಡಾಕ್ಟರ್ ಹೊಳೆನರಸೀಪುರ

ಹಾಸನದ ಬಸ್ ಸ್ಟ್ಯಾಂಡು

ಹಾಲೆಂಡಿನ ಉತ್ತರಕ್ಕೆ ಒಂದು ಊರಿದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೂ ನೀವು ಓದಲಾರಿರಿ. ಕಫ ಕಟ್ಟಿದವರಂತೆ ಕ್ಯಾಕರಿಸಿದರೆ ಮಾತ್ರ ಬಾಯಿಗೆ ಬರುವ ಹೆಸರು ಅದು. ಅವರಿಗೂ ನಮ್ಮ ಹೊಳೆನರಸೀಪುರ ಹೇಳಲು ಬರಲಿಲ್ಲವಾದ್ದರಿಂದ ಯಾರಿಗೂ ಅವಮಾನವಾಗಲಿಲ್ಲ. ಮೊದಲನೆಯ ಉಪಕಾರ ಅದೇ ಎಂದುಕೊಳ್ಳುತ್ತೇನೆ.

ಹೊಳೆನರಸೀಪುರ ನನ್ನ ತವರು. ಈಗಿರುವುದು ಚನ್ನರಾಯಪಟ್ಟಣದಲ್ಲಿ, ಗಂಡನ ಮನೆ. ನನ್ನ ತಂಗಿ ವನಜಾಕ್ಷಿಯನ್ನು ಕೊಟ್ಟಿದ್ದು ಅರಕಲಗೂಡಿಗೆ. ನಾನು ಹುಳಿಗೆ ಒಗ್ಗರಣೆ ಹಾಕುವುದರಲ್ಲಿ ನಿಂತೆ, ಅವಳು ಓದುವುದರಲ್ಲಿ ನಿಂತಳು. ವಿಕಿರಣದ ಔಷಧಿ, ಹೆಂಗಸರ ಹಾರ್ಮೋನು, ಇವುಗಳ ಮೇಲೆ ಪ್ರಬಂಧ ಬರೆಯುವುದು ಅವಳ ಕೆಲಸ. ಆ ಊರಲ್ಲಿ ಇಂಥವೇ ಪ್ರಬಂಧ ಬರೆಯುವವರ ಸಭೆಯಿತ್ತು. ಕೆಲವು ದೇಶಗಳು ಸೇರಿ ಅವಳ ಔಷಧಿಯಂಥದ್ದನ್ನು ರೋಗಿಗಳಿಗೆ ಕೊಟ್ಟು ನೋಡುವ ಒಂದು ತಂಡ ಕಟ್ಟುವವರಿದ್ದರು. ನಮ್ಮ ದೇಶದಿಂದ ಒಬ್ಬರಿಗೆ ಮಾತ್ರ ಜಾಗ. ಬರೆದ ಪ್ರಬಂಧ ನೋಡಿ ಆರಿಸುತ್ತಾರಂತೆ.

ಇದು ಎರಡು ಸಾವಿರದ ಇಸವಿ ದಾಟಿದ ಹೊಸದರ ಮಾತು. ವನಜಳ ತಲೆಯಲ್ಲಿ ಆಗಲೇ ಬಿಳಿ ಕೂದಲಿದ್ದವು. ಆದರೂ ಅರಕಲಗೂಡಿನ ಅವಳ ಅತ್ತೆ, "ಹೆಣ್ಣುಹುಡುಗಿ ಒಬ್ಬಳೇ ಹೋಗೋದು ಬೇಡ" ಎಂದರು. ಒಬ್ಬಳೇ ಅಲ್ಲ, ಗೈಡ್ ಸಾಹೇಬರು ಜೊತೆಗಿದ್ದಾರೆ ಎಂದಾಗ, "ಹಾಗಾದ್ರೆ ಸುತರಾಂ ಬೇಡ" ಎಂದರು. ಹೀಗಾಗಿ ನಾನು ಹೊರಟೆ.

ಅರಕಲಗೂಡಿಗೆ ಹೋಗಿ ವನಜಳನ್ನು ಕರೆದುಕೊಂಡು ಹಾಸನಕ್ಕೆ ಬಂದೆ. ಬೆಂಗಳೂರಿನ ಬಸ್ಸು ಬಂದು ನಿಂತಿತು. ನಾವು ಹತ್ತಿ ಕೂರುವ ಮೊದಲೇ ಕಿಟಕಿಯಿಂದ ಒಂದು ಕೆಂಪು ಟವೆಲ್ಲು ಹಾರಿಬಂದು ಎರಡು ಸೀಟಿನ ಮೇಲೆ ಬಿತ್ತು.

"ಯಾರದ್ರೀ ಇದು?" ಎಂದೆ.

ಕಿಟಕಿಯ ಕೆಳಗಿಂದ ಉತ್ತರ ಬಂತು: "ನಂದು ಕಣವ್ವ. ನಮ್ಮೆಂಡ್ರು ಬಾಳೆಅಣ್ಣು ತಕ್ಕಂಡು ಬತ್ತಾವ್ಳೆ. ಕುಂತ್ಬುಟ್ಟೀರ ಮತ್ತೆ."

"ಸೀಟು ಖಾಲಿ ಇದೆಯಲ್ಲಪ್ಪ."

"ಎಲ್ಲೈತೆ ಖಾಲಿ? ಟವಲ್ ಕಾಣಾಕಿಲ್ವಾ?"

ವನಜ ಕಂಬಿ ಹಿಡಿದು ನಿಂತವಳೇ ನಗತೊಡಗಿದಳು. "ಅಕ್ಕ, ನನ್ನ ಪ್ರಬಂಧ ಪೂರ್ತಿ ಇಷ್ಟೇ ಕಣೆ" ಎಂದಳು. ಶಾಂತಿಗ್ರಾಮ ದಾಟುವವರೆಗೆ ನಿಂತೇ ಪಾಠ ಹೇಳಿದಳು. ಈಸ್ಟ್ರೋಜನ್ ಎಂಬುದು ಹೆಂಗಸರ ಹಾರ್ಮೋನು. ಸ್ತನದಲ್ಲಿ ಏಳುವ ಕೆಲವು ಕೆಟ್ಟ ಗಂಟುಗಳಲ್ಲಿ ಅದು ಕೂರಲು ಸೀಟಿರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಸೀಟಿದ್ದವರಿಗೆ ಆ ಹಾರ್ಮೋನನ್ನು ತಡೆಯುವ ಮಾತ್ರೆ ಕೊಟ್ಟರೆ ಗುಣ ಕಾಣುತ್ತದೆ. ಸೀಟಿದೆಯೋ ಇಲ್ಲವೋ ತಿಳಿಯಲು ಇವಳು ಈಸ್ಟ್ರೋಜನ್ನಿಗೆ ಚೂರು ವಿಕಿರಣ ಅಂಟಿಸಿ ರಕ್ತಕ್ಕೆ ಬಿಡುತ್ತಾಳೆ. ಅದು ಹೋಗಿ ಕೂತಲ್ಲಿ ಕ್ಯಾಮೆರಾಕ್ಕೆ ಹೊಳೆಯುತ್ತದೆ.

"ಹೊಳೆಯದಿದ್ರೆ ಸೀಟಿಲ್ಲ ಅಂತ ಮೊದಲು ಬರೆದಿದ್ದೆ. ಆಮೇಲೆ ನೋಡಿದ್ರೆ, ಆಗಲೇ ಮಾತ್ರೆ ನುಂಗ್ತಿದ್ದ ಹೆಂಗಸರಲ್ಲಿ ಸೀಟಿನ ಮೇಲೆ ಮಾತ್ರೆಯ ಟವೆಲ್ ಬಿದ್ದಿರುತ್ತೆ. ಸೀಟೇ ಇಲ್ಲ ಅಂದ್ಕೊಂಡು ಡಾಕ್ಟ್ರು ಮಾತ್ರೆ ನಿಲ್ಲಿಸಿಬಿಟ್ರೆ ಅವಳ ಗತಿ ಏನು? ಅದಕ್ಕೇ ಎರಡನೇ ಸಲ ತಿದ್ದಿ ಬರೆದೆ."

ಅಷ್ಟರಲ್ಲಿ ಬಾಳೆಹಣ್ಣಿನವಳು ತನ್ನ ಮಗುವನ್ನು ತೊಡೆಗೆಳೆದುಕೊಂಡು ನನಗೆ ಅರ್ಧ ಸೀಟು ಬಿಟ್ಟುಕೊಟ್ಟಳು. ಎರಡನೆಯ ಉಪಕಾರ.

ಅರ್ಧ ರೈಲು

ಗೈಡು ಎಂದರೆ ದಾರಿ ತೋರಿಸುವವರು ಎಂದು ನಾನು ತಿಳಿದಿದ್ದೆ. ವನಜಳ ಗೈಡ್ ಸಾಹೇಬರು ನಮ್ಮ ಚನ್ನರಾಯಪಟ್ಟಣದವರೇ. ಅವಳಿಗೆ ಡಾಕ್ಟರೇಟ್ ಮಾಡಿಸಿದವರು. ಅವಳ ಮೊದಲ ಪ್ರಬಂಧಗಳಲ್ಲೆಲ್ಲ ಅವಳ ಹೆಸರಿನ ಪಕ್ಕ ಅವರ ಹೆಸರಿದೆ. ಪ್ರಯೋಗಶಾಲೆಗೆ ಅವರು ಬರುತ್ತಿದ್ದುದು ಫೋಟೋ ತೆಗೆಯುವ ದಿನ ಎಂದು ಅವಳು ಒಮ್ಮೆ ಹೇಳಿದ್ದಳು. ಎಷ್ಟು ಸಲ ಕೇಳಿದರೂ ಎರಡನೆಯ ಸಲ ಹೇಳಲಿಲ್ಲ. ಆ ಒಂದು ಜಾಗಕ್ಕೆ ಅವರೂ ಆಸೆಪಟ್ಟಿದ್ದರು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ನನಗೇನಮ್ಮ, ವಯಸ್ಸಾಯ್ತು. ಬೇಡ ಅಂದ್ರೂ ಅವರು ಬಿಡೋಲ್ಲ" ಎಂದು ವಿಮಾನದಲ್ಲಿ ಕೇಳದಿದ್ದರೂ ಹೇಳಿದರು.

ಹಾಲೆಂಡಿನಲ್ಲಿ ಇಳಿದು ರೈಲು ಹತ್ತಿದೆವು. ಸಾಹೇಬರು, "ನಾನು ಈ ಕಡೆ ಎಷ್ಟು ಸಲ ಬಂದಿಲ್ಲ! ಮುಂದಿನ ಬೋಗಿಗೆ ಬನ್ನಿ" ಎಂದರು. ಹತ್ತಿ ಕೂತು ನಾನು ಕೋಡುಬಳೆ ಡಬ್ಬಿ ತೆರೆದು ಅವರ ಮುಂದಿಟ್ಟೆ. ಅವರು ತಿನ್ನುತ್ತಾ ವಿಜ್ಞಾನದಲ್ಲಿ ಶಿಸ್ತು ಎಷ್ಟು ಮುಖ್ಯ ಎಂದು ಹೇಳುತ್ತಿದ್ದರು. ನಡುವೆ ಒಂದು ಸ್ಟೇಷನ್ನಿನಲ್ಲಿ ಮೈಕಿನಲ್ಲಿ ಏನೋ ಕ್ಯಾಕರಿಸಿದರು. ಆ ದೇಶದಲ್ಲಿ ರೈಲನ್ನು ಅರ್ಧ ದಾರಿಯಲ್ಲಿ ಎರಡು ತುಂಡು ಮಾಡುತ್ತಾರೆ. ಮುಂದಿನ ತುಂಡು ಒಂದೂರಿಗೆ, ಹಿಂದಿನದು ಇನ್ನೊಂದೂರಿಗೆ. ನಾವು ಹೋಗಬೇಕಾದದ್ದು ಹಿಂದಿನದರಲ್ಲಿ.

ತಿಳಿದಾಗ ನಾವು ಬೇರೆಯೇ ಊರಲ್ಲಿದ್ದೆವು. ಮಳೆ. ಗಾಳಿಗೆ ಕೊಡೆ ಮೇಲ್ಮುಖವಾಗಿ ಅರಳಿತು. ಸಾಹೇಬರು ಆ ರೈಲಿನವರನ್ನು ಇಂಗ್ಲಿಷಿನಲ್ಲಿ ಬೈದರು. ರೈಲಿನವನು ನಗುತ್ತ ಕೇಳಿಸಿಕೊಂಡು, ವಾಪಸ್ಸು ಹೋಗುವ ಗಾಡಿ ತೋರಿಸಿದ. ಹಾಸನದಿಂದ ಅರಕಲಗೂಡಿಗೆಂದು ಹತ್ತಿ ಗೊರೂರಿನಲ್ಲಿ ಇಳಿದಿದ್ದರೆ ನನ್ನನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಸಾಹೇಬರಾದ್ದರಿಂದ ತಪ್ಪು ರೈಲಿನದಾಯಿತು.

ಒಂದು ಬಿಸ್ಕತ್ತಿನ ಮನೆ

ನಾವು ಅಕ್ಕತಂಗಿಯರು ಇಳಿದುಕೊಂಡಿದ್ದು ಒಬ್ಬ ಮುದುಕಿಯ ಮನೆಯ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಕಡಿದೆಂದರೆ ಹತ್ತುವಾಗ ಮೂಗು ಮೇಲಿನ ಮೆಟ್ಟಿಲಿಗೆ ತಾಗುತ್ತಿತ್ತು. ನಾನು ನರಸಿಂಹಸ್ವಾಮಿಯ ಹೆಸರು ಹೇಳಿಕೊಂಡು ಹತ್ತಿದೆ, ಕುಂಡಿಯೂರಿಕೊಂಡು ಇಳಿದೆ.

ಮನೆಯಾಕೆ ಕಾಫಿ ಕೊಟ್ಟರು. ತಗಡಿನ ಡಬ್ಬಿ ತೆರೆದು ನಮ್ಮ ಮುಂದೆ ಹಿಡಿದರು. ನಾನೊಂದು ತೆಗೆದುಕೊಂಡೆ, ವನಜ ಒಂದು ತೆಗೆದುಕೊಂಡಳು. ಟಕ್ ಎಂದು ಮುಚ್ಚಳ ಹಾಕಿ ಡಬ್ಬಿಯನ್ನು ಬೀರುವಿನಲ್ಲಿಟ್ಟರು. ನಾನು ವನಜಳ ಮುಖ ನೋಡಿದೆ.

"ಇದೇ ಮರ್ಯಾದೆ ಅಕ್ಕ ಇಲ್ಲಿ. ಒಂದು ಕಾಫಿಗೆ ಒಂದು ಬಿಸ್ಕತ್ತು."

"ನಮ್ಮಲ್ಲಿ ಹೀಗೆ ಮುಚ್ಚಿದ್ರೆ ಇನ್ನು ಹೊರಡಿ ಅಂತ."

"ಇಲ್ಲೂ ಕೆಲವು ಸಲ ಅದೇ" ಎಂದಳು.

ಕೆಟ್ಟವರಲ್ಲ ಆಕೆ. ನಾವು ಮಾಂಸ ತಿನ್ನುವುದಿಲ್ಲವೆಂದು ಕೇಳಿ, ಪಾಪ, ಮೀನು ತಂದಿಟ್ಟರು. ಅದೂ ಇಲ್ಲವೆಂದಾಗ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ಚಾಕಲೇಟಿನ ಪುಡಿ ಉದುರಿಸಿದರು. ಅದು ಮಕ್ಕಳ ಹುಟ್ಟುಹಬ್ಬಕ್ಕಲ್ಲ, ದೊಡ್ಡವರ ಊಟಕ್ಕೆ. ಜೊತೆಗೊಂದು ಲೋಟ ಬೆಳ್ಳಗೆ ಏನೋ ಕೊಟ್ಟರು. ಹಾಲೆಂದು ಬಾಯಿಗಿಟ್ಟರೆ ಮಜ್ಜಿಗೆ. ಅಪ್ಪಟ ಹುಳಿ ಮಜ್ಜಿಗೆ. ಉಪ್ಪೂ ಕರಿಬೇವೂ ಇರಲಿಲ್ಲ, ಆದರೂ ನನ್ನ ಕಣ್ಣು ತುಂಬಿತು. ದೇವರು ಎಲ್ಲಿ ಯಾವ ಲೋಟದಲ್ಲಿ ಬರುತ್ತಾನೋ ಹೇಳಲಾಗದು.

ಕ್ಯಾಲೆಂಡರ್ ವಿಷಯ ಮಾತ್ರ ನನ್ನಿಂದ ಕ್ಷಮಿಸಲಾಗಲಿಲ್ಲ. ನೆಂಟರಿಷ್ಟರ ಹುಟ್ಟುಹಬ್ಬಗಳನ್ನೆಲ್ಲ ಬರೆದಿಟ್ಟ ಕ್ಯಾಲೆಂಡರನ್ನು ಅವರು ಕಕ್ಕಸಿನಲ್ಲಿ ನೇತುಹಾಕುತ್ತಾರೆ. ಸೊಸೆ, ಮೊಮ್ಮಕ್ಕಳು, ಪಾದ್ರಿಗಳು, ಎಲ್ಲರೂ ಅಲ್ಲೇ. ನಾನು ಆ ಕಡೆ ಬೆನ್ನು ಮಾಡಿ ಕೂರಲೂ ಆಗುತ್ತಿರಲಿಲ್ಲ, ಬಾಗಿಲಿದ್ದುದೇ ಆ ಕಡೆ.

ಹೆಸರು ಕೊಡುವ ಮೇಜು

ಸಭೆಯ ಮೊದಲ ದಿನ ಬಾಗಿಲಲ್ಲಿ ಒಂದು ಉದ್ದನೆಯ ಮೇಜು. ಬಂದವರಿಗೆಲ್ಲ ಹೆಸರು ಬರೆದ ಬಿಲ್ಲೆಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕುತ್ತಿದ್ದರು. ವನಜಳಿಗೆ ಹಾಕಿದ ಬಿಲ್ಲೆಯಲ್ಲಿ "ಡಾ. ವಿ. ಅರಕಲಗೂಡು" ಎಂದಿತ್ತು. ಅವಳು ಮಳೆಕೋಟು ಒಳಗಿಟ್ಟು ಬರಲು ಹೋದಳು. ಮೇಜಿನ ಹಿಂದಿದ್ದ ಹುಡುಗಿ ನನ್ನ ಸೀರೆ ನೋಡಿದಳು, ಇನ್ನೊಂದು ಬಿಲ್ಲೆ ಎತ್ತಿಕೊಂಡಳು, ಕಷ್ಟಪಟ್ಟು ಕೇಳಿದಳು: "ಹೋಲೆ... ನಾರಾಸಿ... ಪುರಾ?"

ನಮ್ಮ ಕಡೆ ಯಾರಾದರೂ ಊರಿನ ಹೆಸರು ಹಿಡಿದು ರಾಗ ಎಳೆದರೆ, ನೀವು ಆ ಊರಿನವರೇ ಎಂದು ಕೇಳಿದಂತೆ. ಏಳು ಸಮುದ್ರದಾಚೆ ಒಂದು ಹುಡುಗಿ ನನ್ನ ತವರೂರನ್ನು ಕೇಳುತ್ತಿದ್ದಾಳೆ. ನಾನು ಹಿಗ್ಗಿಹೋದೆ. "ಯೆಸ್, ಯೆಸ್, ಹೊಳೆನರಸೀಪುರ" ಎಂದೆ. ದೇವಸ್ಥಾನದ ಬೀದಿ ಎಂದೂ ಸೇರಿಸಿದೆ. ಅವಳು ಬಿಲ್ಲೆಯನ್ನು ನನ್ನ ಕೊರಳಿಗೆ ಹಾಕಿಬಿಟ್ಟಳು. ಅದು ತಾಳಿಯ ಪಕ್ಕಕ್ಕೆ ಬಂದು ಕೂತಿತು: "ಡಾ. ವಿ. ಹೊಳೆನರಸೀಪುರ."

ವನಜ ಬಂದು ನೋಡಿ ಗೋಡೆಗೊರಗಿ ನಕ್ಕಳು. ಆಮೇಲೆ ವಿವರಿಸಿದಳು. ಮದುವೆಗೆ ಮುಂಚೆ ಅವಳು ಎಚ್. ಎಸ್. ವನಜಾಕ್ಷಿ. ಎಚ್ ಎಂದರೆ ಹೊಳೆನರಸೀಪುರ. ಹೊರದೇಶದ ಪತ್ರಿಕೆಯವರು ಇನಿಷಿಯಲ್ ಬಿಡಿಸಿ ಬರೆಯಿರಿ ಎಂದರು; ಬಿಡಿಸಿದಳು. ಅವರು ಊರನ್ನೇ ಮನೆತನದ ಹೆಸರೆಂದುಕೊಂಡರು. ಮದುವೆಯಾದ ಮೇಲೆ ಪಾಸ್‌ಪೋರ್ಟಿಗೆ ಗಂಡನ ಊರು ಬಂತು, ಆಮೇಲಿನ ಪ್ರಬಂಧಗಳಿಗೂ ಬಂತು. ಹೀಗೆ ಹಾಲೆಂಡಿನವರ ಲೆಕ್ಕದಲ್ಲಿ ನನ್ನ ತಂಗಿ ಇಬ್ಬರು. ಇಬ್ಬರ ಹೆಸರಿಗೂ ಬಿಲ್ಲೆ ಬರೆಸಿಟ್ಟಿದ್ದರು.

"ಹೇಳಿ ವಾಪಸ್ಸು ಕೊಟ್ಟುಬಿಡೋಣ" ಎಂದೆ.

ಗೈಡ್ ಸಾಹೇಬರು ಅಲ್ಲೇ ನಿಂತಿದ್ದರು. ಬಿಲ್ಲೆಯನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಕ್ಷಣ ಏನೋ ಯೋಚಿಸಿದರು. "ಇರಲಿ ಬಿಡಿಯಮ್ಮ. ಅದಿಲ್ದೆ ಇಲ್ಲಿ ಊಟ ಕೊಡೋಲ್ಲ. ಸುಮ್ನೆ ಯಾಕೆ ಗಲಾಟೆ?"

ಎಷ್ಟು ಒಳ್ಳೆಯವರು, ನನ್ನ ಊಟದ ಚಿಂತೆ ಮಾಡಿದರಲ್ಲ ಎಂದುಕೊಂಡೆ.

ಮಡಿಕೋಣೆ

ಮಧ್ಯಾಹ್ನ ಔಷಧಿ ತಯಾರಿಸುವ ಜಾಗ ತೋರಿಸಿದರು. ಹೊರಗಿನ ಚಪ್ಪಲಿ ಬಿಡಿ, ಇದು ಹಾಕಿಕೊಳ್ಳಿ. ಸೆರಗು ಸಿಕ್ಕಿಸಿಕೊಳ್ಳಿ, ಮೇಲೊಂದು ನಿಲುವಂಗಿ ತೊಡಿ. ಗೆರೆ ದಾಟಬೇಡಿ. ಯಾವುದನ್ನೂ ಮುಟ್ಟಬೇಡಿ, ಮುಟ್ಟಿದವರನ್ನೂ ಮುಟ್ಟಬೇಡಿ. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮಜ್ಜಿ ಇದನ್ನೆಲ್ಲ ಒದ್ದೆಸೀರೆಯಲ್ಲಿ ನಿಂತು ಹೇಳುತ್ತಿದ್ದರು. ಔಷಧಿಯೂ ನಮ್ಮ ಮಡಿ ಅಡುಗೆಯಂತೆಯೇ. ಹೊತ್ತು ಕಳೆದಂತೆ ಅದರ ಶಕ್ತಿ ಅರ್ಧವಾಗುತ್ತದೆ, ಆಮೇಲೆ ಅರ್ಧದಲ್ಲಿ ಅರ್ಧ. ತಂಗಳಿಟ್ಟುಕೊಳ್ಳುವಂತಿಲ್ಲ, ಆಯಾ ದಿನದ್ದು ಆಯಾ ದಿನ.

ಹೊರಬರುವಾಗ ಒಂದು ಪೆಟ್ಟಿಗೆಗೆ ಎರಡೂ ಕೈ ತೋರಿಸಬೇಕು. ಹಸಿರು ದೀಪ ಬಂದರೆ ಶುದ್ಧ. ನಮ್ಮ ಮನೆಗೆ ಬಂದಾಗಲೆಲ್ಲ ಮಡಿ ಮೈಲಿಗೆಯನ್ನು ಗೇಲಿ ಮಾಡುತ್ತಿದ್ದ ಗೈಡ್ ಸಾಹೇಬರು, ಹಸಿರು ಬಂದ ಮೇಲೂ ನಂಬಿಕೆಯಾಗದೆ ಕೈ ತೊಳೆದು ತೊಳೆದು ತೋರಿಸುತ್ತಿದ್ದರು. ಅಜ್ಜಿ ನೋಡಿದ್ದರೆ ಅವರನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿದ್ದರು.

ಆಗಲೇ ನನಗೊಂದು ವಿಚಿತ್ರ ಕಂಡಿದ್ದು. ಬಂದವರೆಲ್ಲ ನನ್ನ ಬಿಲ್ಲೆ ಓದಿ ತಲೆಯನ್ನು ಒಂದು ಕಡೆಗೆ ವಾಲಿಸಿ ಕನಿಕರದಿಂದ ನಗುತ್ತಿದ್ದರು. ಸಾವಿನ ಮನೆಯಲ್ಲಿ ನಗುವ ನಗೆ ಅದು. ಸಭೆಯ ಅಧ್ಯಕ್ಷರು ಒಬ್ಬ ಎತ್ತರದ ಪ್ರೊಫೆಸರಮ್ಮ. ಅಂಥಾ ಮಳೆಯಲ್ಲಿ ಸೈಕಲ್ಲಿನಲ್ಲಿ ಬಂದು, ಹಾಗೇ ತಲೆ ಒದರಿಕೊಂಡು ವೇದಿಕೆ ಹತ್ತುವವರು. ಅವರು ನನ್ನ ಕೈ ಹಿಡಿದು, "ಮನೆಯೂ ದೊಡ್ಡ ಕೆಲಸವೇ" ಎಂಬರ್ಥದ್ದೇನೋ ಹೇಳಿದರು. ಹಾಸನದ ಕಾಲೇಜಿನಲ್ಲಿ ಪಿಯುಸಿ ಮುಗಿಸಿದವಳು ನಾನು. ಇಂಗ್ಲಿಷ್ ಆಡಲು ಬಾಯಿ ತೊದಲುತ್ತದೆ, ಕಿವಿಗೇನೂ ಆಗಿಲ್ಲ.

ಕಾಫಿಯ ಹೊತ್ತಿಗೆ ಕಾರಣ ಸಿಕ್ಕಿತು. ನಾನು ಕಂಬದ ಈಚೆ ನಿಂತಿದ್ದೆ. ಆಚೆ ಸಾಹೇಬರು ಆ ಪ್ರೊಫೆಸರಮ್ಮನಿಗೆ ಹೇಳುತ್ತಿದ್ದರು: ಹೊಳೆನರಸೀಪುರ ನನ್ನ ಶಿಷ್ಯೆ. ಬುದ್ಧಿವಂತೆ. ಆದರೆ ಮದುವೆಯಾಗಿ ವಿಜ್ಞಾನ ಬಿಟ್ಟಳು. ಅಡುಗೆ, ಪೂಜೆ, ಸಂತೋಷವಾಗಿದ್ದಾಳೆ, ನೀವೇ ನೋಡಿದಿರಲ್ಲ. ಆ ಕೆಲಸವನ್ನೆಲ್ಲ ಈಗ ಮುಂದಕ್ಕೆ ನಡೆಸುತ್ತಿರುವವನು ನಾನೊಬ್ಬನೇ. ಅರಕಲಗೂಡು ಬಂದದ್ದು ಇತ್ತೀಚೆಗೆ. ಬರೆದದ್ದು ಕಡಿಮೆ. ಅದರಲ್ಲೂ ಹೊಳೆನರಸೀಪುರದ ತಪ್ಪು ಹುಡುಕಿದ್ದೇ ಹೆಚ್ಚು.

ನನ್ನ ಊಟದ ಚಿಂತೆ ಅವರು ಯಾಕೆ ಮಾಡಿದರೆಂದು ಆಗ ತಿಳಿಯಿತು.

ವನಜಳನ್ನು ಮೂಲೆಗೆ ಕರೆದು ಹೇಳಿದೆ. ಅವಳ ಮುಖ ಸುಣ್ಣವಾಯಿತು. "ಅದಕ್ಕೇ, ಬೆಳಿಗ್ಗೆ ಆಕೆ ಹತ್ರ ಆ ಹೊಳೆನರಸೀಪುರ ನಾನೇ ಅಂದ್ರೆ ತಮಾಷೆ ಅಂದ್ಕೊಂಡು ಬೆನ್ನು ತಟ್ಟಿದ್ರು."

"ಎದ್ದು ಗಟ್ಟಿಯಾಗಿ ಹೇಳೆ."

"ಹೇಗೆ ಹೇಳಲಿ ಅಕ್ಕ? ಎಲ್ಲರ ಎದುರಿಗೆ ಗುರುಗಳನ್ನ ಸುಳ್ಳುಗಾರ ಅಂದ ಹಾಗಾಗತ್ತೆ. ನನಗೆ ಓದು ಕಲಿಸಿದೋರು."

"ಆ ಜಾಗ?"

ಅವಳು ಕಾಫಿ ಲೋಟದೊಳಗೆ ನೋಡುತ್ತಿದ್ದಳು. "ಅವರಿಗೆ ಸಿಕ್ಕಿದ್ರೆ ಪರೀಕ್ಷೆ ಮೊದಲನೇ ಪ್ರಬಂಧದ ಪ್ರಕಾರ ಮಾಡ್ತಾರೆ. ಟವೆಲ್ಲಿನ ವಿಷಯ ಅವರು ಒಪ್ಪೋದಿಲ್ಲ, ಒಪ್ಪಿದ್ರೆ ತಮ್ಮ ಹೆಸರಿರೋ ಪ್ರಬಂಧ ತಪ್ಪು ಅಂತಾಗುತ್ತಲ್ಲ. ಮಾತ್ರೆ ಬೇಕಾದ ಹೆಂಗಸರಿಗೆ ಬೇಡ ಅಂತ ಬರೆದು ಕಳಿಸ್ತಾರೆ." ಲೋಟ ಕೆಳಗಿಟ್ಟು, "ಆದ್ರೂ ನನ್ನ ಬಾಯಲ್ಲಿ ಬರೋಲ್ಲ ಅಕ್ಕ" ಎಂದಳು.

ನನಗೆ ಯಾರೂ ಗುರುಗಳಿರಲಿಲ್ಲ. ಅದೂ ಒಂದು ಉಪಕಾರ.

ಸಭೆ

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ನನ್ನ ಶಾಲು ಹಾಸಿ ಸೀಟು ಹಿಡಿದೆ. ಒಬ್ಬ ಬಿಳಿಗಡ್ಡದವರು ಬಂದು ಶಾಲನ್ನು ಎತ್ತಿ ನೋಡಿದರು. "ನಂದು" ಎಂದು ಕನ್ನಡದಲ್ಲೇ ಹೇಳಿದೆ. ಮಡಿಸಿ ಕೊಟ್ಟು ಹಿಂದಕ್ಕೆ ಹೋದರು. ಹಾಸನದಲ್ಲಾಗಿದ್ದರೆ ಜಗಳವಾಗುತ್ತಿತ್ತು. ಇಲ್ಲಿನ ಜನ ಒಳ್ಳೆಯವರು, ಬಸ್ಸಿನ ಅಭ್ಯಾಸವಿಲ್ಲ.

ವನಜ ವೇದಿಕೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ಮಾತ್ರೆ ನುಂಗುತ್ತಿದ್ದ ಹೆಂಗಸು, ಕತ್ತಲೆ. ಅದೇ ಹೆಂಗಸು, ಕೆಲವು ವಾರ ಮಾತ್ರೆ ಬಿಟ್ಟ ಮೇಲೆ, ನಂದಾದೀಪದಷ್ಟು ಬೆಳಕು. ಚೆನ್ನಾಗಿ ಹೇಳಿದಳು, ಆದರೆ ತನ್ನ ಹಳೆಯ ಪ್ರಬಂಧದ ಮಾತು ಬಂದಾಗಲೆಲ್ಲ "ಹಿಂದಿನ ಲೇಖಕರು" ಎಂದಳು. ಗುರುಭಕ್ತಿ ಎಂಬುದು ಮನುಷ್ಯರನ್ನು ಎಲ್ಲಿಗೆ ಮುಟ್ಟಿಸುತ್ತದೆ ನೋಡಿ, ತಾನೇ ತನಗೆ ಮೂರನೆಯವಳಾದಳು. ನನ್ನ ಪಕ್ಕದಲ್ಲಿ ಗೈಡ್ ಸಾಹೇಬರು ಕಾಲ ಮೇಲೆ ಕಾಲು ಹಾಕಿ ತಲೆದೂಗುತ್ತಿದ್ದರು.

ಮುಗಿದ ಮೇಲೆ ಸೈಕಲ್ಲಿನ ಪ್ರೊಫೆಸರಮ್ಮ ಎದ್ದರು. ಅರಕಲಗೂಡು ಅವರು ಹೊಳೆನರಸೀಪುರ ಅವರನ್ನು ಖಂಡಿಸಿದ್ದಾರೆ, ಅದೃಷ್ಟಕ್ಕೆ ಅವರೂ ಇಲ್ಲೇ ಇದ್ದಾರೆ, ಏನಾದರೂ ಹೇಳುವರೋ ಎಂದು ನನ್ನ ಕಡೆ ಕೈ ತೋರಿಸಿದರು. ಇಡೀ ಸಭೆ ನನ್ನತ್ತ ತಿರುಗಿತು.

ಸಾಹೇಬರು ಕಿವಿಯ ಹತ್ತಿರ ಬಾಗಿ, "ಬೇಡ ಅಂತ ತಲೆ ಆಡಿಸಿಬಿಡಿಯಮ್ಮ, ಸಾಕು" ಎಂದರು.

ನಾನು ಎದ್ದೆ. ಸೆರಗು ಹೊದ್ದು ವೇದಿಕೆ ಹತ್ತಿದೆ. ಕೊರಳಿನ ದಾರ ತಾಳಿಗೆ ಸಿಕ್ಕಿಕೊಂಡಿತ್ತು, ಬಿಡಿಸಲು ಹೊತ್ತು ಹಿಡಿಯಿತು. ಸಭೆ ಕಾಯಿತು. ಬಿಡಿಸಿ ತೆಗೆದು, ಆ ಬಿಲ್ಲೆಯನ್ನು ವನಜಳ ಕೊರಳಿಗೆ, ಅವಳ ಬಿಲ್ಲೆಯ ಮೇಲೆ ಹಾಕಿದೆ. ಮೈಕಿನಲ್ಲಿ ನನಗೆ ಬಂದಷ್ಟು ಹೇಳಿದೆ. ಒಂದು ಬಿಲ್ಲೆ ಮುಟ್ಟಿ, "ಮದರ್ ಹೌಸ್." ಇನ್ನೊಂದು ಮುಟ್ಟಿ, "ಹಸ್ಬೆಂಡ್ ಹೌಸ್." ಅವಳ ಕೆನ್ನೆ ಮುಟ್ಟಿ, "ಸೇಮ್ ಗರ್ಲ್."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ನಕ್ಕಳು, ಮತ್ತೊಬ್ಬಳು ನಕ್ಕಳು. ಅವರಲ್ಲೂ ಮದುವೆಯಲ್ಲಿ ಹೆಸರು ಕಳೆದುಕೊಂಡವರಿದ್ದರೆಂದು ಕಾಣುತ್ತದೆ. ಪ್ರೊಫೆಸರಮ್ಮ ವನಜಳನ್ನು ನೋಡಿ, ಹಾಗಾದರೆ ನೀವು ಖಂಡಿಸಿದ್ದು ಯಾರನ್ನು ಎಂದು ಕೇಳಿದರು. ವನಜ ಎರಡೂ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, "ನನ್ನನ್ನೇ. ಮೊದಲ ಸಲ ನನಗೆ ತಿಳಿದಿರಲಿಲ್ಲ" ಎಂದಳು. ಗುರುಗಳ ಸುದ್ದಿಯನ್ನೇ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಪ್ರೊಫೆಸರಮ್ಮ ಆಗಲೇ ಕನ್ನಡಕ ತೆಗೆದು ಅವರ ಕಡೆ ನೋಡುತ್ತಿದ್ದರು.

ಚಪ್ಪಾಳೆ ಮೊದಲು ತಟ್ಟಿದ್ದು ಗೈಡ್ ಸಾಹೇಬರೇ. "ನನ್ನ ಶಿಷ್ಯೆ" ಎಂದು ಪಕ್ಕದವರಿಗೆ ಹೇಳುತ್ತಿದ್ದುದೂ ಕೇಳಿಸಿತು.

ಕಾಲುವೆಯ ಬೆಂಚು

ಸಾಹೇಬರು ಹೇಳಿದ್ದರಲ್ಲಿ, ಬಿಲ್ಲೆಯಿಲ್ಲದವರಿಗೆ ಊಟವಿಲ್ಲ ಎಂಬುದೊಂದು ನಿಜವಾಗಿತ್ತು. ಬಾಗಿಲಲ್ಲಿ ಅದೇ ಹುಡುಗಿ ನನ್ನ ಬರಿಗೊರಳು ನೋಡಿ ಬೇಸರದಿಂದ ತಲೆಯಾಡಿಸಿದಳು. ಹೊರಗೆ ಕಾಲುವೆಯ ದಂಡೆಯ ಬೆಂಚಿನ ಮೇಲೆ ಕೂತು ಚೀಲದಲ್ಲಿದ್ದ ಕೋಡುಬಳೆ ಡಬ್ಬಿ ತೆರೆದೆ. ಮಳೆ ನಿಂತಿತ್ತು. ಬಾತುಕೋಳಿಗಳು ಬಂದು ನನ್ನ ಕೈ ನೋಡತೊಡಗಿದವು.

ವನಜ ಎರಡು ತಟ್ಟೆ ಹಿಡಿದುಕೊಂಡು ಬಂದಳು, ಒಂದರಲ್ಲಿ ಮಜ್ಜಿಗೆಯ ಲೋಟ. ಕೊರಳಲ್ಲಿ ಎರಡೂ ಬಿಲ್ಲೆಗಳಿದ್ದವು.

"ಒಂದೊಂದು ಹೆಸರಿಗೆ ಒಂದೊಂದು ಊಟ ಇಸ್ಕೊಂಡು ಬಂದೆ ಕಣೆ."

"ಜಾಗ?"

"ಬರ್ಕೊಂಡ್ರು."

"ಯಾವ ಹೆಸರಲ್ಲಿ?"

"ಎರಡೂ ಸೇರಿಸಿ. ಗೆರೆ ಸಾಲದೆ ಕೆಳಗಿನ ಗೆರೆಗೂ ಬಂತು." ಬ್ರೆಡ್ಡಿನಿಂದ ಚಾಕಲೇಟಿನ ಪುಡಿ ಊದಿ ಹಾರಿಸುತ್ತ, "ನಮ್ಮತ್ತೆ ಕೇಳ್ತಾರೆ ನೋಡು, ಮೊದಲು ಯಾವೂರು ಬರೆಸಿದೆ ಅಂತ" ಎಂದಳು.

ಅವಳ ಕಣ್ಣು ಕೆಂಪಾಗಿತ್ತು. ಅತ್ತಿದ್ದಾಳೋ, ಗಾಳಿಯೋ, ಕೇಳಲಿಲ್ಲ. ಮಜ್ಜಿಗೆಯ ಲೋಟವನ್ನು ಅವಳ ಕಡೆ ಸರಿಸಿದೆ.

ಸ್ವಲ್ಪ ಹೊತ್ತಿಗೆ ಗೈಡ್ ಸಾಹೇಬರೂ ಬಂದರು. ಬೆಂಚಿನ ತುದಿಯಲ್ಲಿ ಕೂತರು. ಒಳಗೆ ಅವರ ಜೊತೆ ಯಾರೂ ಊಟಕ್ಕೆ ಕೂತಿರಲಿಲ್ಲವೆಂದು ಕಾಣುತ್ತದೆ. ಕಾಲುವೆ ನೋಡಿದರು, ಬಾತುಕೋಳಿ ನೋಡಿದರು, ಕೊನೆಗೆ ನನ್ನ ತೊಡೆಯ ಮೇಲಿದ್ದ ಡಬ್ಬಿ ನೋಡಿದರು.

"ಇನ್ನೂ ಉಳಿದಿದೆಯೇನಮ್ಮ ಕೋಡುಬಳೆ? ಇವರ ಊಟ ಊಟವೇ ಅಲ್ಲ."

"ಇದೆ ಸರ್" ಎಂದು ಡಬ್ಬಿಯನ್ನು ಅವರ ಮುಂದೆ ಹಿಡಿದೆ. ಅವರು ಒಂದು ತೆಗೆದುಕೊಂಡರು. ಇನ್ನೊಂದಕ್ಕೆ ಕೈ ಬರುವಷ್ಟರಲ್ಲಿ ಟಕ್ ಎಂದು ಮುಚ್ಚಳ ಹಾಕಿ ಚೀಲದಲ್ಲಿಟ್ಟೆ.

"ಇಲ್ಲಿ ಇದೇ ಮರ್ಯಾದೆಯಂತೆ" ಎಂದೆ.